ಬೆಳಕು ಚೆಲ್ಲುತ್ತಾ ಕುಸಿಯುವ ನಕ್ಷತ್ರ: ಮೂರು ಸಾಲಿನ ಲೆಕ್ಕ ಕೊನೆಗೆ ಕೂಡಿಬಂದ ಬಗೆ

ಕೊನೆಗೂ ಲೆಕ್ಕ ಕೂಡಿಬಂತು. ಐನ್‌ಸ್ಟೈನ್ ಸಾಪೇಕ್ಷತೆಯಲ್ಲಿ, ವಿಕಿರಣ ಚೆಲ್ಲುತ್ತಾ ಕಪ್ಪುಕುಳಿಯಾಗಿ ಕುಸಿಯುವ ನಕ್ಷತ್ರದ ಲೆಕ್ಕ ಇದು. 3 ಸೌರ ದ್ರವ್ಯರಾಶಿಯ ಒಂದು ಗೋಳ. 40 ಕಿಲೋಮೀಟರ್ ತ್ರಿಜ್ಯದಲ್ಲಿ ನಿಂತ ಸ್ಥಿತಿಯಿಂದ ಶುರು. ಬೀಳುತ್ತಾ ಬೀಳುತ್ತಾ ತನ್ನ ದ್ರವ್ಯರಾಶಿಯಲ್ಲಿ ಸುಮಾರು ಹತ್ತನೇ ಒಂದು ಪಾಲನ್ನು ವಿಕಿರಣವಾಗಿ ಹೊರಗೆ ಚೆಲ್ಲುತ್ತದೆ. ಆಮೇಲೆ ಹೊರೈಜನ್, ಅಂದರೆ ಬೆಳಕೂ ಹೊರಬರಲಾಗದ ಗಡಿಯ ಒಳಗೆ ಹೋಗುತ್ತದೆ. ಒಳಗಿನ ಒತ್ತಡ ಎಲ್ಲೂ ಸೊನ್ನೆಗಿಂತ ಕೆಳಗೆ ಇಳಿಯಲಿಲ್ಲ. ಎನರ್ಜಿ ಕಂಡಿಷನ್‌ಗಳು (ನಿಜವಾದ ದ್ರವ್ಯ ಮೀರಬಾರದ ಮಿತಿಗಳು) ಕೊನೆತನಕ ಉಳಿದವು. ಹೊರಗಿನ ವೈದ್ಯ ಮೆಟ್ರಿಕ್ (ಭೌತವಿಜ್ಞಾನಿ ಪಿ. ಸಿ. ವೈದ್ಯ ಕೊಟ್ಟ, ವಿಕಿರಣ ಚೆಲ್ಲುವ ನಕ್ಷತ್ರದ ಹೊರಗಿನ ದೇಶಕಾಲವನ್ನು ಅಳೆಯುವ ಸೂತ್ರ) ಜೊತೆ ಒಳಗಿನದರ ಬೆಸುಗೆ ಪಕ್ಕಾ ಆಗಿದೆ. ಇಷ್ಟೂ ಕೆಲಸಕ್ಕೆ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಸೆಕೆಂಡೂ ಬೇಕಾಗಿಲ್ಲ.

ಎ, ಅಂದರೆ ಮೆಟ್ರಿಕ್‌ನಲ್ಲಿ ಕಾಲದ ಮುಂದಿನ ಅಂಶವನ್ನು 1 ಅಂತ ಇಡುವ ಈ ದಾರಿ ಹಿಡಿದಾಗ ನಂಬಿದವರು ಯಾರೂ ಇರಲಿಲ್ಲ. "ಎ ಅನ್ನು 1 ಅಂತ ಇಟ್ಟರೆ ಅದು ಬರೀ ಧೂಳು. ಧೂಳಿಗೆ ಒತ್ತಡ ಎಲ್ಲಿಂದ, ವಿಕಿರಣ ಎಲ್ಲಿಂದ?" ಅಂತ ಒಬ್ಬರು. "ಒತ್ತಡ ಒಳಗಿಂದ ಹೊರಗೆ ಬದಲಾಗುತ್ತಿದ್ದರೆ ಕಣಗಳು ಜಿಯೋಡೆಸಿಕ್ ಮೇಲೆ ಹೇಗೆ ಇರುತ್ತವೆ?" ಅಂತ ಇನ್ನೊಬ್ಬರು. ಜಿಯೋಡೆಸಿಕ್ ಅಂದರೆ ಗುರುತ್ವ ಬಿಟ್ಟು ಬೇರೆ ತಳ್ಳು ಇಲ್ಲದೆ ಬೀಳುವ ದಾರಿ. ಎರಡೂ ಒಳ್ಳೆಯ ಪ್ರಶ್ನೆಗಳೇ. ಉತ್ತರ ಮುಂದೆ ಬರುತ್ತದೆ.

ಸಂಕೇತಗಳು ನಿಮಗೆ ಗೊತ್ತಿರುವವೇ. ಎ ಅಂದರೆ ಕಾಲದ ಮುಂದಿನ ಮೆಟ್ರಿಕ್ ಅಂಶ, ಬಿ ಅಂದರೆ ಜಾಗದ ಮುಂದಿನದು. ಆರ್ ಮೇಲ್ಮೈಯ ತ್ರಿಜ್ಯ, ಸಣ್ಣ ಆರ್ ಒಳಗಿನ ಪದರಗಳನ್ನು ಗುರುತಿಸುವ ನಿರ್ದೇಶಾಂಕ, ಎಮ್ ಮಿಸ್ನರ್-ಶಾರ್ಪ್ ದ್ರವ್ಯರಾಶಿ, ಅಂದರೆ ಮೇಲ್ಮೈಯ ಒಳಗಿರುವ ಒಟ್ಟು ದ್ರವ್ಯರಾಶಿ. ಗುರುತ್ವ ಸ್ಥಿರಾಂಕ ಜಿ ಮತ್ತು ಬೆಳಕಿನ ವೇಗ ಸಿ ಎರಡೂ 1, ಹಾಗಾಗಿ ದ್ರವ್ಯರಾಶಿಯೂ ಕಿಲೋಮೀಟರಿನಲ್ಲೇ ಬರುತ್ತದೆ. ಒಂದು ಸೌರ ದ್ರವ್ಯರಾಶಿ ಅಂದರೆ ಸುಮಾರು 1.48 ಕಿಲೋಮೀಟರ್. ವೈದ್ಯರ 1943ರ ಮೆಟ್ರಿಕ್, ಸಾಂಟೋಸ್ 1985ರಲ್ಲಿ ಕೊಟ್ಟ ಅಂಚಿನ ಷರತ್ತು, ಇವೆರಡೂ ಬಾಯಿಪಾಠ ಇದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಆ ಷರತ್ತು ಹೇಳುವುದು ಇಷ್ಟು: ಮೇಲ್ಮೈಯಲ್ಲಿ ಒತ್ತಡ ಸೊನ್ನೆ ಅಲ್ಲ, ಅದು ಹೊರಗೆ ಹೋಗುವ ಶಾಖದ ಹರಿವಿಗೆ ಸಮ. ಇಡೀ ಆಟ ಇರುವುದು ಇಲ್ಲೇ.

ಮೊದಲು ದುಡ್ಡು ಹೋದ ಕಥೆ. ಶುರುವಿನಲ್ಲಿ ಸಿಕ್ಕ ಸಲಹೆ ಒಂದೇ. ಪೂರ್ತಿ ಹೈಡ್ರೋಡೈನಮಿಕ್ಸ್ (ದ್ರವದ ಚಲನೆಯ) ಕೋಡ್ ಬರೆ, ವಿಕಿರಣದ ಸಾಗಾಟ ಸೇರಿಸು, ಬಾಡಿಗೆ ಕಂಪ್ಯೂಟರಿನಲ್ಲಿ ಓಡಿಸು. ಹಾಗೇ ಮಾಡಿದೆ. ಆ ವರ್ಷಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು. ದ್ರವ್ಯದ ಜೊತೆಗೇ ಸಾಗುವ ಮಿಸ್ನರ್-ಶಾರ್ಪ್ ನಿರ್ದೇಶಾಂಕದಲ್ಲಿ ಓಡಿಸಿದರೆ ಹೊರೈಜನ್ ಹತ್ತಿರ ಬಂದಂತೆ ಕಾಲದ ಹೆಜ್ಜೆ ಸಣ್ಣದಾಗುತ್ತಾ ಹೋಗುತ್ತದೆ. ಹರ್ನಾಂಡೆಜ್-ಮಿಸ್ನರ್ 1966ರಲ್ಲಿ ಕೊಟ್ಟ ಹಾಗೆ ದೂರದ ವೀಕ್ಷಕನ ಕಾಲ ಹಿಡಿದರೆ ನಕ್ಷತ್ರ ಹೊರೈಜನ್ ಬಾಗಿಲಲ್ಲೇ ಹೆಪ್ಪುಗಟ್ಟುತ್ತದೆ. ಬಿಲ್ಲಿನ ಮುಕ್ಕಾಲು ಪಾಲು ಕುಸಿತದ ಕೊನೆಯ ಕೆಲವು ಮೈಕ್ರೋಸೆಕೆಂಡುಗಳಿಗೇ ಖರ್ಚಾಯಿತು. ಅದರ ಮೇಲೆ ಪ್ರತಿ ಹೆಜ್ಜೆಯ ಡೇಟಾ ಉಳಿಸಿದ್ದಕ್ಕೆ ತಿಂಗಳು ತಿಂಗಳು ಸಂಗ್ರಹದ ಬಾಡಿಗೆ ಬೇರೆ. ಓಡಿಸುವುದು ನಿಂತ ಮೇಲೂ ಆ ಬಾಡಿಗೆ ನಿಲ್ಲುವುದಿಲ್ಲ. ಹೊಸದಾಗಿ ಇಳಿಯುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಆಮೇಲೆ ಎಲ್ಲರೂ ತುಳಿದ ದಾರಿಗೆ ಬಂದೆ. ಡಿ ಒಲಿವೇರಾ, ಸಾಂಟೋಸ್, ಕೊಲಾಸಿಸ್ 1985ರಲ್ಲಿ ಕೊಟ್ಟ ಮಾದರಿ ಅದು. ಒಂದು ಸ್ಥಿರ ನಕ್ಷತ್ರ ತಗೊಳ್ಳಿ. ಅದರ ಬಿ ಅಂಶವನ್ನು ಎಫ್ ಅನ್ನುವ ಕಾಲದ ಫಂಕ್ಷನ್‌ನಿಂದ ಗುಣಿಸಿ. ಅಂಚಿನ ಷರತ್ತು ಹಾಕಿದರೆ ಎಫ್‌ಗೆ ಒಂದು ಸಮೀಕರಣ ಸಿಗುತ್ತದೆ, ಅದನ್ನು ಕೈಯಲ್ಲೇ ಬಿಡಿಸಬಹುದು. ನೋಡೋಕೆ ತುಂಬಾ ಚೆನ್ನಾಗಿದೆ.

ಓಡಿಸಿದಾಗ ಮೊದಲ ತೊಂದರೆ ಸಣ್ಣದು. ಎಫ್ 1 ಇರುವಲ್ಲಿ ಅದರ ವೇಗ ಸೊನ್ನೆ, ಅಲ್ಲಿಂದ ಅದು ಕದಲುವುದೇ ಇಲ್ಲ. ಕಾಗದದ ಮೇಲೆ ಕುಸಿತ ಅನಂತ ಹಿಂದಿನ ಕಾಲದಲ್ಲಿ ಶುರುವಾಗಿರುತ್ತದೆ. ಕೋಡ್‌ನಲ್ಲಿ ಎಫ್ ಅನ್ನು 0.999 ಅಂತ ಸ್ವಲ್ಪ ತಳ್ಳಬೇಕು. ಆ ತಳ್ಳು ಬೆಳೆಯುವ ಕಾಲ ಆರ್ ವರ್ಗ ಭಾಗಿಸು ಎಮ್. 3 ಸೌರ ದ್ರವ್ಯರಾಶಿ, 20 ಕಿಲೋಮೀಟರ್ ತ್ರಿಜ್ಯ ಇದ್ದರೆ ಸುಮಾರು 0.3 ಮಿಲಿಸೆಕೆಂಡ್. ಇದು ಎಲ್ಲರಿಗೂ ಗೊತ್ತಿರುವ ಸಂಗತಿ.

ದೊಡ್ಡ ತೊಂದರೆ ಬೇರೆ ಇದೆ. ಈ ಮಾದರಿ ಸಿಕ್ಕಾಪಟ್ಟೆ ದ್ರವ್ಯರಾಶಿ ಕಳೆಯುತ್ತದೆ. ಒಳಗಿನ ರಚನೆ ಬದಲಾಯಿಸಿದರೆ ಸರಿಹೋಗಬಹುದು ಅನ್ನುವುದು ಸಾಮಾನ್ಯ ನಂಬಿಕೆ. ಅದಕ್ಕೇ ಜಿಪಿಯು (ವೇಗದ ಗ್ರಾಫಿಕ್ಸ್ ಚಿಪ್) ಬಾಡಿಗೆಗೆ ಹಿಡಿದು ಒಳಗಿನ ರಚನೆಗಳನ್ನೆಲ್ಲ ಸಾಲಾಗಿ ಓಡಿಸಿದೆ. ಸಮ ಸಾಂದ್ರತೆ, ಟೋಲ್ಮನ್ ಕೊಟ್ಟ ಸ್ಥಿರ ನಕ್ಷತ್ರದ ಪರಿಹಾರಗಳು, ಪಾಲಿಟ್ರೋಪ್‌ಗಳು (ಒತ್ತಡ ಸಾಂದ್ರತೆಯ ಒಂದು ಘಾತದಂತೆ ಏರುವವು). ಗ್ರಾಫ್ ಹಾಕಿದರೆ ಎಲ್ಲ ಚುಕ್ಕೆಗಳೂ ಒಂದೇ ನೇರ ಗೆರೆಯ ಮೇಲೆ ಕೂತವು. ಕೊನೆಯ ದ್ರವ್ಯರಾಶಿ ಅಂದರೆ ಮೊದಲಿನ ದ್ರವ್ಯರಾಶಿ ಗುಣಿಸು 2ಎಮ್/ಆರ್, ಅಷ್ಟೇ. ಈ 2ಎಮ್/ಆರ್ ಶುರುವಿನದು. ಅದು 0.3 ಇದ್ದರೆ ನಕ್ಷತ್ರದ 70 ಶೇಕಡಾ ವಿಕಿರಣವಾಗಿ ಹೋಗುತ್ತದೆ. 0.1 ಇದ್ದರೆ 90 ಶೇಕಡಾ. ಒಳಗೆ ಏನಿದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಆ ಗೆರೆ ನೋಡಿದ ಮೇಲೆ ಪೆನ್ನು ಹಿಡಿದು ಕೂತೆ. ಅರ್ಧ ಪುಟದಲ್ಲಿ ಸಾಧನೆ ಮುಗಿಯಿತು. ಎಫ್‌ನ ಸಮೀಕರಣದಲ್ಲಿ ಬರುವ ಸ್ಥಿರಾಂಕ ಮೇಲ್ಮೈಯ ಗುರುತ್ವ, ಅಂದರೆ ಎಮ್ ಭಾಗಿಸು ಆರ್ ವರ್ಗ. ಅಂಚಿನಲ್ಲಿ ಎ ಎಷ್ಟಿರಬೇಕು ಅನ್ನುವುದನ್ನು ಸ್ಥಿರ ನಕ್ಷತ್ರದ ಹೊರಗಿನ ಶ್ವಾರ್ಜ್‌ಶೀಲ್ಡ್ ಮೆಟ್ರಿಕ್ಕೇ ನಿರ್ಧರಿಸುತ್ತದೆ. ಇವೆರಡನ್ನೂ ಹಾಕಿದರೆ ಹೊರೈಜನ್ ಮುಟ್ಟುವಾಗ ಎಫ್‌ನ ವರ್ಗಮೂಲ ಸರಿಯಾಗಿ 2ಎಮ್/ಆರ್ ಆಗುತ್ತದೆ. ಒಳಗಿನ ರಚನೆ ಬೇರೆ ಬೇರೆ ಹಾಕಿ ಹೊಸ ಫಲಿತಾಂಶಕ್ಕೆ ಕಾಯುತ್ತಿರುವವರು ಮೊದಲು ಈ ಅರ್ಧ ಪುಟ ಮಾಡಿ ನೋಡಿ. ಜಿಪಿಯು ದುಡ್ಡು ಉಳಿಯುತ್ತದೆ.

ಒಂದು ಅಡ್ಡದಾರಿಯನ್ನೂ ನೋಡಿದೆ. ನಿಂತಲ್ಲಿಂದ ಶುರು ಮಾಡುವ ಬದಲು ಬೀಳುತ್ತಿರುವಾಗಲೇ ಶುರು ಮಾಡುವುದು. 2ಎಮ್/ಆರ್ 0.3 ಇರುವ ಸ್ಥಿರ ರಚನೆಯನ್ನೇ ಇಟ್ಟುಕೊಂಡು ಮೇಲ್ಮೈಗೆ ಬೆಳಕಿನ ವೇಗದ 0.43ರಷ್ಟು ಒಳಮುಖ ವೇಗ ಕೊಟ್ಟರೆ ನಷ್ಟ 16 ಶೇಕಡಾಕ್ಕೆ ಇಳಿಯುತ್ತದೆ. ನೋಡಿ ಖುಷಿಯಾಯಿತು. ಆದರೆ ಹಿರಿಯರೊಬ್ಬರು ಗ್ರಾಫ್ ನೋಡಿದ ಕೂಡಲೇ ಹೇಳಿದರು: "ಇದು ಅದೇ ಪರಿಹಾರ, ನೀವು ನಡುವಿನಿಂದ ಓದುತ್ತಿದ್ದೀರಿ." ನಿಜವೇ. ಹಿಂದಕ್ಕೆ ಓಡಿಸಿದರೆ ಅದು ದೊಡ್ಡದೊಂದು ಸ್ಥಿರ ನಕ್ಷತ್ರಕ್ಕೇ ಹೋಗಿ ನಿಲ್ಲುತ್ತದೆ, ಅದರ 2ಎಮ್/ಆರ್ ಕೂಡ ಅದೇ 0.3. ಮೊದಲು ಹೋದ ವಿಕಿರಣವನ್ನು ಲೆಕ್ಕದಿಂದ ಕೈಬಿಟ್ಟ ಹಾಗಾಯಿತು, ಅಲ್ವಾ?

ಹಾಗಾದರೆ ಎರಡು ತುಂಡು ಬೆಸೆಯೋಣ. ಮೊದಲ ತುಂಡು ಓಪನ್‌ಹೈಮರ್-ಸ್ನೈಡರ್ 1939ರ ಧೂಳಿನ ಕುಸಿತ, ವಿಕಿರಣ ಇಲ್ಲ. ಎರಡನೆಯದು ಎಫ್ ಮಾದರಿ, ವಿಕಿರಣ ಇದೆ. ಒಂದು ಕ್ಷಣದಲ್ಲಿ ಸ್ವಿಚ್ ಹಾಕಿದ ಹಾಗೆ. ಇದಕ್ಕೆ ಒಂದು ಸಿಂಬಾಲಿಕ್ (ಬೀಜಗಣಿತ ಬಿಡಿಸುವ) ಸಾಫ್ಟ್‌ವೇರಿನ ವಾರ್ಷಿಕ ಲೈಸೆನ್ಸ್ ಕೊಂಡೆ. ಅದೂ ದಂಡವೇ, ಅದರಲ್ಲಿ ಮಾಡಿದ್ದೆಲ್ಲ ಮ್ಯಾಕ್ಸಿಮಾ ಅನ್ನುವ ಸಾಫ್ಟ್‌ವೇರಿನಲ್ಲಿ ಬಿಟ್ಟಿಯಾಗಿ ಆಗುತ್ತದೆ. ಬೆಸುಗೆ ಕೂರಲೇ ಇಲ್ಲ. ಕಾರಣ ಮೊಮೆಂಟಮ್ ಕನ್‌ಸ್ಟ್ರೇಂಟ್ ಅನ್ನುವ, ಐನ್‌ಸ್ಟೈನ್ ಸಮೀಕರಣಗಳಲ್ಲೇ ಇರುವ ಒಂದು ಕಟ್ಟು. ಒಂದು ಕ್ಷಣದ ಮೆಟ್ರಿಕ್, ಅದು ಬದಲಾಗುವ ವೇಗ, ಇವೆರಡೂ ಗೊತ್ತಾದರೆ ಆ ಕ್ಷಣದ ಶಾಖದ ಹರಿವು ತಾನಾಗೇ ತೀರ್ಮಾನವಾಗಿಬಿಡುತ್ತದೆ. ಅದನ್ನು ಸೊನ್ನೆಯಿಂದ ಒಮ್ಮೆಲೇ ಎಗರಿಸಲು ಬರುವುದಿಲ್ಲ. ಎಫ್ ಮಾದರಿಯಲ್ಲಿ ನಕ್ಷತ್ರ ಬೀಳುತ್ತಿದೆ ಅಂದರೆ ಹರಿವು ಇದ್ದೇ ಇದೆ. ಧೂಳಿನಲ್ಲಿ ಎಷ್ಟು ಬಿದ್ದರೂ ಹರಿವು ಇಲ್ಲ. ಇವೆರಡು ಎಲ್ಲೂ ಸೇರುವುದಿಲ್ಲ.

ಈ ಗೋಡೆಯ ಮುಂದೆ ತುಂಬಾ ದಿನ ನಿಂತೆ. ಸ್ವಿಚ್ಚನ್ನು ಹೊರಗಿಂದ ಹಾಕಲು ಆಗದಿದ್ದರೆ ಅದು ಜ್ಯಾಮಿತಿಯ ಒಳಗೇ ಇರಬೇಕು. ಅಂಥ ಮೆಟ್ರಿಕ್ ಆಗಲೇ ಇದೆ. ಕೊಲಾಸಿಸ್, ಸಾಂಟೋಸ್, ಸೂಬೆಲಿಸ್ 1988ರಲ್ಲೇ ಕೊಟ್ಟಿದ್ದಾರೆ. ಎ ಅಂದರೆ 1. ಒತ್ತಡ ಎಲ್ಲ ದಿಕ್ಕಿಗೂ ಒಂದೇ ಇರಬೇಕು ಅಂದರೆ ಬಿಗೆ ಒಂದೇ ರೂಪ ಉಳಿಯುತ್ತದೆ: ಎಸ್ ಭಾಗಿಸು (1 ಕೂಡಿಸು ಕೆ ಗುಣಿಸು ಸಣ್ಣ ಆರ್‌ನ ವರ್ಗ). ಎಸ್ ಮತ್ತು ಕೆ ಎರಡೂ ಕಾಲದ ಫಂಕ್ಷನ್‌ಗಳು: ಎಸ್ ಗಾತ್ರದ ಅಳತೆ, ಕೆ ಜಾಗದ ಬಾಗಿಗೆ ಸಂಬಂಧಪಟ್ಟದ್ದು. ಕೆ ಬದಲಾಗದಿದ್ದರೆ ಹರಿವು ಸೊನ್ನೆ, ಅದು ಎಲ್ಲೆಡೆ ಒಂದೇ ಸಾಂದ್ರತೆಯ ಫ್ರೀಡ್‌ಮನ್ ಧೂಳು, ಅಂದರೆ ಓಪನ್‌ಹೈಮರ್-ಸ್ನೈಡರ್. ಕೆ ಇಳಿಯತೊಡಗಿದರೆ ಶಾಖ ಹೊರಗೆ ಹರಿಯುತ್ತದೆ. ಏರಿದರೆ ಒಳಗೆ. ಹರಿವು ಕೆ ಇಳಿಯುವ ವೇಗಕ್ಕೆ ತಕ್ಕ ಹಾಗೆ ಇರುತ್ತದೆ. ನನಗೆ ಬೇಕಾದ ಸ್ವಿಚ್ ಇದೇ. ನಿಧಾನವಾಗಿ ತಿರುಗಿಸಬಹುದಾದ ಸ್ವಿಚ್.

ಇಲ್ಲಿ ಈಗಾಗಲೇ ಕೆಲಸ ಮಾಡಿದವರು ಹೆಚ್ಚಾಗಿ ಅಂಚಿನ ಷರತ್ತನ್ನು ರಿಕಾಟಿ ಸಮೀಕರಣವಾಗಿ (ವರ್ಗದ ಪದ ಇರುವ ಒಂದು ಬಗೆಯ ಡಿಫರೆನ್ಷಿಯಲ್ ಸಮೀಕರಣ) ತಿರುಗಿಸಿ, ಕೈಯಲ್ಲಿ ಬಿಡಿಸಬಹುದಾದ ವಿಶೇಷ ರೂಪಗಳನ್ನು ಹುಡುಕುತ್ತಾರೆ. ನಾನು ಆ ಕಡೆ ಹೋಗಲಿಲ್ಲ. ಕೆ, ಎಸ್ ಎರಡನ್ನೂ ಬಿಟ್ಟು ಮೇಲ್ಮೈಯಲ್ಲಿ ಅಳೆಯಬಹುದಾದ ವಿಷಯಗಳನ್ನೇ ಹಿಡಿದೆ. ಗಾಮಾ ಅಂದರೆ (1 ಕಳೆ ಕೆ ಸಣ್ಣ ಆರ್ ವರ್ಗ) ಭಾಗಿಸು (1 ಕೂಡಿಸು ಕೆ ಸಣ್ಣ ಆರ್ ವರ್ಗ), ಅಂಚಿನಲ್ಲಿ. ಡಬ್ಲ್ಯು ಅಂದರೆ ಮೇಲ್ಮೈಯ ವೇಗ ಕೂಡಿಸು ಗಾಮಾ. ಕುಸಿಯುವಾಗ ವೇಗ ಋಣ. ಈ ಡಬ್ಲ್ಯುನೇ ಕೆಂಪುಪಲ್ಲಟ, ಅಂದರೆ ಹೊರಬರುವ ಬೆಳಕು ಕೆಂಪಿನ ಕಡೆ ಸರಿಯುವ ಅಳತೆ ಝಡ್ ಕೊಡುತ್ತದೆ: 1 ಕೂಡಿಸು ಝಡ್ ಅಂದರೆ 1 ಭಾಗಿಸು ಡಬ್ಲ್ಯು. ಡಬ್ಲ್ಯು ಸೊನ್ನೆ ಮುಟ್ಟಿದರೆ ಹೊರೈಜನ್.

ಇವುಗಳಲ್ಲಿ ಬರೆದಾಗ ಉಳಿದಿದ್ದು ಮೂರೇ ಸಾಲು. ಒಂದು, ಡಬ್ಲ್ಯು ಇಳಿಯುವ ವೇಗ ಎಮ್ ಭಾಗಿಸು ಆರ್ ವರ್ಗ. ಎರಡು, ಎಮ್ ಇಳಿಯುವ ವೇಗ ಆರ್ ಗುಣಿಸು ಡಬ್ಲ್ಯು ಗುಣಿಸು ಗಾಮಾ ಏರುವ ವೇಗ. ಮೂರು, ಆರ್ ಬದಲಾಗುವ ವೇಗ ಡಬ್ಲ್ಯು ಕಳೆ ಗಾಮಾ. ಕಾಲ ಅಂದರೆ ಮೇಲ್ಮೈಯ ಸ್ವಂತ ಕಾಲ, ಅದರ ಜೊತೆಗೇ ಬೀಳುವ ಗಡಿಯಾರ ತೋರಿಸುವುದು. ಇದರಲ್ಲಿ ಅಂದಾಜು ಏನೂ ಇಲ್ಲ, ಸಾಪೇಕ್ಷತೆಯ ಪೂರ್ತಿ ಉತ್ತರ. ಮೊದಲ ಸಾಲು ನೋಡಿ. ನ್ಯೂಟನ್ ಬರೆದ ಹಾಗೇ ಇದೆ! ಇದು ಹೊರಬಿದ್ದ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಐನ್‌ಸ್ಟೈನ್ ಸಮೀಕರಣದಿಂದ ಮತ್ತೆ ಬೇರೆ ದಾರಿಯಲ್ಲಿ ತೆಗೆದು ನೋಡಿದೆ. ಅದೇ ಬಂತು.

ಇನ್ನೊಂದು ಕೈಚಳಕ ಇಲ್ಲಿ ತಾನಾಗೇ ಸಿಗುತ್ತದೆ. ಎಮ್ ಧನವಾಗಿರುವ ತನಕ ಡಬ್ಲ್ಯು ಇಳಿಯುತ್ತಲೇ ಇರುತ್ತದೆ, ಒಮ್ಮೆಯೂ ಏರುವುದಿಲ್ಲ. ಹಾಗಾಗಿ ಕಾಲವನ್ನು ಬಿಟ್ಟು ಡಬ್ಲ್ಯುವನ್ನೇ ಗಡಿಯಾರ ಮಾಡಿಕೊಂಡೆ. ಶುರುವಿನ ಬೆಲೆಯಿಂದ ಸೊನ್ನೆಯ ತನಕ ಸಮ ಹೆಜ್ಜೆ. ಹೊರೈಜನ್ ಕೊನೆಯ ಹೆಜ್ಜೆಯಲ್ಲಿ ಸರಿಯಾಗಿ ಬಂದು ಕೂರುತ್ತದೆ. ಬಾಡಿಗೆ ಕಂಪ್ಯೂಟರಿನಲ್ಲಿ ನನ್ನ ಮುಕ್ಕಾಲು ದುಡ್ಡು ತಿಂದ ಜಾಗ ಇದು. ಈಗ ಅಲ್ಲಿ ಏನೂ ಆಗುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಸಾಮಾನ್ಯ ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾ ವಿಧಾನ ಸಾಕು. ಗಾಮಾವನ್ನು ಡಬ್ಲ್ಯುವಿನ ಫಂಕ್ಷನ್ ಆಗಿ ನೀವೇ ಬರೆದುಕೊಡಬೇಕು. ಸ್ವತಂತ್ರವಾಗಿ ಉಳಿದಿರುವುದು ಅದೊಂದೇ.

ಹಾಗೆ ಬರೆದುಕೊಡುವುದು ಸುಲಭ ಅಂತ ಅನ್ನಿಸುತ್ತದೆ. ಮೊದಲು ಗಂಟೆ ಆಕಾರದ ವಿಕಿರಣ ಹಾಕಿದೆ. ಏರಿ, ತುದಿ ಮುಟ್ಟಿ, ಇಳಿದು, ಹೊರೈಜನ್ ಮುಂಚೆಯೇ ಆರಿಹೋಗುವಂಥದ್ದು. ನಷ್ಟದ ಅಂಕಿ ಸುಂದರವಾಗಿ ಬಂತು. ಒಳಗೆ ಇಣುಕಿದರೆ ನಡುವಿನ ಒತ್ತಡ ಋಣ. ತುದಿಯ ಎತ್ತರ ಕಡಿಮೆ ಮಾಡಿದೆ, ಋಣವೇ. ಅಗಲ ಮಾಡಿದೆ, ಆಗಲೂ ಋಣವೇ. "ಜಿಯೋಡೆಸಿಕ್ ಮಾದರಿ ಇಷ್ಟೇ, ಬಿಟ್ಟುಬಿಡಿ" ಅನ್ನುವ ಮಾತು ಜೋರಾಗಿ ಕೇಳಿದ್ದು ಆಗಲೇ.

ಬಿಡಲಿಲ್ಲ. ನಡುವಿನ ಒತ್ತಡ ಮತ್ತು ಅಂಚಿನ ಒತ್ತಡದ ವ್ಯತ್ಯಾಸವನ್ನು ಪೂರ್ತಿ ಬರೆದು ನೋಡಿದೆ. ಗಾಮಾ ಏರುವ ವೇಗವನ್ನು (1 ಕೂಡಿಸು ಗಾಮಾ)ದಿಂದ ಭಾಗಿಸಿ. ಅದನ್ನು ಎಸ್ ಘನದಿಂದ ಗುಣಿಸಿ. ಈ ಗುಣಲಬ್ಧ ಕಾಲದ ಜೊತೆ ಏರುತ್ತಿದ್ದರೆ ನಡುವಿನ ಒತ್ತಡ ಅಂಚಿಗಿಂತ ಜಾಸ್ತಿ ಇರುತ್ತದೆ. ಅಂಚಿನ ಒತ್ತಡ ಹರಿವಿಗೆ ಸಮ, ಅಂದರೆ ಧನ. ಹಾಗಾಗಿ ನಡುವಿನದೂ ಧನ. ನಿಯಮ ಇಷ್ಟೇ: ನಕ್ಷತ್ರದ ಘನ ಅಳತೆ ಕುಗ್ಗುವುದಕ್ಕಿಂತ ಬೇಗ ಸ್ವಿಚ್ ತಿರುಗುವ ವೇಗ ಹೆಚ್ಚುತ್ತಿರಬೇಕು. ಗಂಟೆ ಆಕಾರದಲ್ಲಿ ಇಳಿಯುವ ಬದಿಯೇ ಎಲ್ಲ ಕೆಡಿಸುತ್ತಿತ್ತು. ಹೊರೈಜನ್ ಹತ್ತಿರ ಬಂದಾಗ ದೀಪ ಆರಿಸಲು ಈ ಮಾದರಿ ಬಿಡುವುದಿಲ್ಲ. ಹೊರಗಿನವರಿಗೆ ಅದು ಆರಿದಂತೆ ಕಾಣುತ್ತದೆ, ಅದು ಕೆಂಪುಪಲ್ಲಟದ ಕೆಲಸ.

ಇದೇ ಆ ಇಬ್ಬರ ಪ್ರಶ್ನೆಗೂ ಉತ್ತರ. ಕೆ ಬದಲಾಗತೊಡಗಿದ ಕೂಡಲೇ ಅದು ಧೂಳಲ್ಲ, ಅದಕ್ಕೆ ಒತ್ತಡವೂ ಇದೆ, ಹರಿವೂ ಇದೆ. ಒತ್ತಡದ ಇಳಿಜಾರು ಕಣಗಳನ್ನು ಹೊರಗೆ ತಳ್ಳಬೇಕು, ನಿಜ. ಆದರೆ ಶಾಖದ ಹರಿವಿಗೂ ಮೊಮೆಂಟಮ್ ಇದೆ. ಹರಿವು ಬೆಳೆಯುತ್ತಿದ್ದರೆ ಆ ಬೆಳವಣಿಗೆ ಇಳಿಜಾರಿನ ತಳ್ಳನ್ನು ಪೂರ್ತಿ ನುಂಗಿಕೊಳ್ಳುತ್ತದೆ. ಕಣಗಳು ಜಿಯೋಡೆಸಿಕ್ ಮೇಲೇ ಉಳಿಯುತ್ತವೆ. ಹರಿವು ಸಾಕಷ್ಟು ಬೇಗ ಬೆಳೆಯದಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ, ಅಂಚಿನಲ್ಲಿ ಒತ್ತಡ ಜಾಸ್ತಿ, ನಡುವೆ ಕಡಿಮೆ. ಗಂಟೆ ಆಕಾರದಲ್ಲಿ ಆಗಿದ್ದು ಅದೇ.

ನಾನು ಕೊನೆಗೆ ಹಾಕಿದ ಗಾಮಾದ ರೂಪವನ್ನು ಇಲ್ಲಿ ಬರೆಯುವುದಿಲ್ಲ. ಗಾಮಾ ಏರುವ ವೇಗ ಆರ್ ಘನದ ವಿಲೋಮಕ್ಕಿಂತ ಸ್ವಲ್ಪ ಕಡಿದಾಗಿದೆ ಅಂತ ಮಾತ್ರ ಹೇಳುತ್ತೇನೆ. ನಿಂತಲ್ಲಿಂದ ಶುರುವಾಗುವ ಮೊದಲ ಭಾಗದಲ್ಲಿ ಸ್ವಿಚ್ ನಯವಾಗಿ ಏರುವಂತೆ ಮಾಡಲು ಇನ್ನೊಂದು ಉಪಾಯವಿದೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇಷ್ಟು ಗೊತ್ತಿದ್ದರೆ ಯಾರು ಬೇಕಾದರೂ ತಮ್ಮದೇ ರೂಪ ಕಟ್ಟಿಕೊಳ್ಳಬಹುದು.

ಅಂಕಿಗಳನ್ನು ನೆನಪಿನಿಂದ ಕೊಡುತ್ತೇನೆ. ಶುರುವಿನಲ್ಲಿ ಎಮ್ 4.4 ಕಿಲೋಮೀಟರ್, ಆರ್ 40 ಕಿಲೋಮೀಟರ್, ಗಾಮಾ 0.88. ಹೊರೈಜನ್ ಹೊತ್ತಿಗೆ ಗಾಮಾ ಸುಮಾರು 0.94. ಎಮ್ 4ರ ಆಸುಪಾಸು, ಅಂದರೆ 2.7 ಸೌರ ದ್ರವ್ಯರಾಶಿ. ಗಾಮಾದಲ್ಲಿ ಇಷ್ಟು ಸಣ್ಣ ಬದಲಾವಣೆಗೆ ಹತ್ತನೇ ಒಂದು ಪಾಲು ದ್ರವ್ಯರಾಶಿ ಹೊರಟಿತು. ಗಾಮಾ ಏರಿದ್ದು ಹೆಚ್ಚಾಗಿ ಕೊನೆಯಲ್ಲಿ, ದ್ರವ್ಯರಾಶಿ ಹೋಗಿದ್ದು ಹೆಚ್ಚಾಗಿ ಮೊದಲು. ಯಾಕೆಂದರೆ ಎರಡನೇ ಸಾಲಿನಲ್ಲಿ ಆರ್ ಗುಣಿಸು ಡಬ್ಲ್ಯು ಇದೆ, ಒಳಗೆ ಹೋದಂತೆ ಅದು ಬೇಗ ಕುಗ್ಗುತ್ತದೆ. ಇಡೀ ಬೀಳುವಿಕೆಗೆ ಮೇಲ್ಮೈಯ ಗಡಿಯಾರದಲ್ಲಿ ಅರ್ಧ ಮಿಲಿಸೆಕೆಂಡಿಗೂ ಕಡಿಮೆ. ಅಂಚಿನಲ್ಲಿ ಎನರ್ಜಿ ಕಂಡಿಷನ್ ಅಂದರೆ ಸಾಂದ್ರತೆ ಒತ್ತಡದ ಒಂದೂವರೆ ಪಟ್ಟಿಗಿಂತ ಕಡಿಮೆ ಆಗಬಾರದು ಅಂತಷ್ಟೇ ಉಳಿಯುತ್ತದೆ. ಕೊನೆಯಲ್ಲೂ ಒತ್ತಡ ಸಾಂದ್ರತೆಯ ಇಪ್ಪತ್ತನೇ ಒಂದು ಪಾಲಿನ ಹತ್ತಿರ ಇತ್ತು.

ಹೊರಗೆ ಹೋದ ಶಕ್ತಿ ಸುಮಾರು 5 ಗುಣಿಸು 10ರ 53ನೇ ಘಾತ ಎರ್ಗ್. ಒಂದು ಸೂಪರ್‌ನೋವಾ ನ್ಯೂಟ್ರಿನೋಗಳಲ್ಲಿ ಚೆಲ್ಲುವುದು ಸುಮಾರು 3 ಗುಣಿಸು 10ರ 53. ಅಂಕಿ ಹತ್ತಿರ ಇದೆ ಅಂತ ಹಿಗ್ಗಬೇಡಿ. 1987ರ ಸೂಪರ್‌ನೋವಾದ ನ್ಯೂಟ್ರಿನೋಗಳು ಕಾಮಿಯೋಕಾಂಡೆ, ಐಎಂಬಿ, ಬಕ್ಸಾನ್ ಅನ್ನುವ ಮೂರು ಶೋಧಕಗಳಲ್ಲೂ ಸೇರಿ ಎರಡು ಡಜನ್ ಆಸುಪಾಸು ಸಿಕ್ಕವು, ಅವು ಬರಲು ಹತ್ತು ಹನ್ನೆರಡು ಸೆಕೆಂಡ್ ಹಿಡಿಯಿತು. ಅಲ್ಲಿ ನ್ಯೂಟ್ರಿನೋಗಳು ದಟ್ಟ ದ್ರವ್ಯದಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಸೋರುತ್ತವೆ, ಒಳಗಿನ ತಿರುಳು ಒತ್ತಡದ ಮೇಲೆ ನಿಂತಿರುತ್ತದೆ. ನನ್ನ ಗೋಳ ಯಾವುದರ ಮೇಲೂ ನಿಂತಿಲ್ಲ, ನೇರ ಬೀಳುತ್ತದೆ. ಸೆಕೆಂಡುಗಟ್ಟಲೆ ತಣಿಯುವ ನಕ್ಷತ್ರಕ್ಕೆ ಈ ಮೂರು ಸಾಲು ಸಾಲದು. ನೇರ ಕಪ್ಪುಕುಳಿಯಾಗುವ ಕುಸಿತಕ್ಕೆ ಮಾತ್ರ ಇದು ಸರಿ.

ಪರೀಕ್ಷೆ ಎರಡು ಮಾಡಿದೆ. ಗಾಮಾ ಸ್ಥಿರ ಇಟ್ಟರೆ ಓಪನ್‌ಹೈಮರ್-ಸ್ನೈಡರ್ ಬರಬೇಕು. ಧೂಳಿನ ಕುಸಿತಕ್ಕೆ ಇರುವ ಸೈಕ್ಲಾಯ್ಡ್ ಸೂತ್ರದ ಜೊತೆ ಹೋಲಿಸಿದರೆ ಸಿಂಗಲ್ ಪ್ರಿಸಿಶನ್ (ಸುಮಾರು ಏಳು ಅಂಕಿ) ತನಕ ಕೂತಿತು. ಎರಡನೆಯದು ನನಗೆ ಹೆಚ್ಚು ಇಷ್ಟ. ದೂರದಿಂದ ನೋಡಿದರೆ ಪ್ರಕಾಶ ಕೊನೆಯಲ್ಲಿ ಘಾತೀಯವಾಗಿ ಆರುತ್ತದೆ. ಮೂರು ಸಾಲಿನಿಂದ ನೇರ ಬರುವ ಉತ್ತರ ಇದು: ಡಬ್ಲ್ಯು ಆರುವ ಕಾಲ 4ಎಮ್, ಪ್ರಕಾಶಕ್ಕೆ ಡಬ್ಲ್ಯು ವರ್ಗ ಬೇಕಾದ್ದರಿಂದ 2ಎಮ್. ನನ್ನ ಗೋಳಕ್ಕೆ ಸುಮಾರು 27 ಮೈಕ್ರೋಸೆಕೆಂಡ್. ಗ್ರಾಫಿನ ಇಳಿಜಾರು ಅಳೆದರೆ ಅದೇ ಬಂತು. ಏಮ್ಸ್ ಮತ್ತು ಥಾರ್ನ್ 1968ರಲ್ಲಿ ಕೊಟ್ಟ ಕಾಲ ಇದಕ್ಕಿಂತ ಜಾಸ್ತಿ, ಯಾಕೆಂದರೆ ಅಲ್ಲಿ ಫೋಟಾನ್ ಗೋಳದ (ಬೆಳಕು ಕುಸಿದ ನಕ್ಷತ್ರವನ್ನು ಸುತ್ತಬಲ್ಲ ಜಾಗ) ಸುತ್ತ ಸುತ್ತಿ ತಡವಾಗಿ ಬರುವ ಬೆಳಕೂ ಲೆಕ್ಕದಲ್ಲಿದೆ. ವೈದ್ಯ ಮೆಟ್ರಿಕ್‌ನಲ್ಲಿ ಬೆಳಕು ನೇರ ಹೊರಗೆ ಮಾತ್ರ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ "ತಪ್ಪಿದೆ" ಅನ್ನುವವರು ಇದನ್ನು ನೆನಪಿಡಬೇಕು.

ಹೀಗೆ ಸುಮ್ನೆ ಎರಡು ಪಕ್ಕದ ಪ್ರಯೋಗಗಳನ್ನೂ ಮಾಡಿದೆ. ಒಂದು, ಹೊರೈಜನ್ ಇಲ್ಲದ ಕುಸಿತ. ಬ್ಯಾನರ್ಜಿ, ಚಟರ್ಜಿ, ದಾಧಿಚ್ 2002ರಲ್ಲಿ ತೋರಿಸಿದ ಮಾದರಿ ಇದೆಯಲ್ಲ, ಬೀಳುವಷ್ಟೇ ವೇಗದಲ್ಲಿ ದ್ರವ್ಯರಾಶಿ ಕಳೆದು 2ಎಮ್/ಆರ್ ಬದಲಾಗದೇ ಉಳಿಯುವುದು. ಅದರಲ್ಲಿ ಎ ಜಾಗದ ಜೊತೆ ಬದಲಾಗುತ್ತದೆ. ನನ್ನದರಲ್ಲಿ ಅದು ಬರುತ್ತದಾ ಅಂತ ನೋಡಿದೆ. ಮೊದಲ ಸಾಲೇ ಉತ್ತರ ಹೇಳಿಬಿಡುತ್ತದೆ. ಡಬ್ಲ್ಯು ಇಳಿಯುವುದು ನಿಲ್ಲಬೇಕಾದರೆ ಎಮ್ ಸೊನ್ನೆ ಆಗಬೇಕು. ಅಂದರೆ ಇಲ್ಲಿ ಹೊರೈಜನ್ ತಪ್ಪಿಸಿಕೊಳ್ಳಲು ನಕ್ಷತ್ರ ಪೂರ್ತಿ ಉರಿದು ಮುಗಿಯಬೇಕು, ನಡುವಿನ ದಾರಿ ಇಲ್ಲ. ಗಾಮಾವನ್ನು 1ರ ಮೇಲಕ್ಕೆ ಜೋರಾಗಿ ಎಳೆದು ಅಷ್ಟು ದೂರ ಹೋಗಲು ಪ್ರಯತ್ನಿಸಿದೆ. ಅಂಚಿನಲ್ಲಿ ಒತ್ತಡ ಸಾಂದ್ರತೆಯನ್ನು ಮೀರಿತು. ಅಲ್ಲಿಗೆ ಕೈಬಿಟ್ಟೆ.

ಎರಡು, ತಾಪಮಾನ. ಎಕಾರ್ಟ್ ನಿಯಮ (ಶಾಖದ ಹರಿವು ತಾಪಮಾನದ ಇಳಿಜಾರಿಗೆ ತಕ್ಕ ಹಾಗೆ) ಹಾಕಿ, ಶಾಖವಾಹಕತೆ ಜಾಗದ ಜೊತೆ ಬದಲಾಗುವುದಿಲ್ಲ ಅಂದುಕೊಂಡರೆ ತಾಪಮಾನ ಕೈಯಲ್ಲೇ ಸಿಗುತ್ತದೆ. ಎ 1 ಆಗಿರುವುದರಿಂದ ಗುರುತ್ವದ ಪದ ಮಾಯ.  ಆಮೇಲೆ ರಿಲ್ಯಾಕ್ಸೇಶನ್ ಕಾಲ (ಹರಿವು ತಾಪಮಾನಕ್ಕೆ ಹೊಂದಿಕೊಳ್ಳಲು ಹಿಡಿಯುವ ತಡ) ಸೇರಿಸಿದ ಮ್ಯಾಕ್ಸ್‌ವೆಲ್-ಕಟಾನಿಯೋ ನಿಯಮ ಹಾಕಿ ನೋಡಿದೆ. ಒತ್ತಡ ಸರಿ ಇರಬೇಕಾದರೆ ಹರಿವು ಬೆಳೆಯುತ್ತಲೇ ಇರಬೇಕು ಅಂದೆನಲ್ಲ. ಬೆಳೆಯುವ ಹರಿವಿಗೆ ಹೆಚ್ಚು ಕಡಿದಾದ ತಾಪಮಾನ ಬೇಕು. ಹಾಗಾಗಿ ಮೇಲ್ಮೈ ತಾಪಮಾನ ಅಷ್ಟೇ ಇದ್ದರೂ ನಡುವಿನದು ಎಕಾರ್ಟ್ ಹೇಳುವುದಕ್ಕಿಂತ ಜಾಸ್ತಿ ಆಗುತ್ತದೆ. ಕೊನೆಯ ಹಂತದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟು ದೊಡ್ಡದು. ಕೊನೆಯ ಹಂತಕ್ಕೂ ಬರೀ ಎಕಾರ್ಟ್ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಈಗಿನ ಖರ್ಚು ಅಂದರೆ ಕರೆಂಟು ಮಾತ್ರ. ಬಾಡಿಗೆ ಖಾತೆ ಮುಚ್ಚಿದ್ದೇನೆ, ಲೈಸೆನ್ಸ್ ಮುಂದುವರಿಸಲಿಲ್ಲ. ಬೀಜಗಣಿತಕ್ಕೆ ಮ್ಯಾಕ್ಸಿಮಾ, ಓಟಕ್ಕೆ ಪೈಥಾನ್, ಅಷ್ಟೇ. ಮಾಡಿ ನೋಡುವವರು ಮೊದಲು ಗಾಮಾ ಸ್ಥಿರ ಇಟ್ಟು ಧೂಳಿನ ಉತ್ತರ ಬರಿಸಿಕೊಳ್ಳಿ. ಆಮೇಲೆ ಸ್ವಿಚ್ ಸ್ವಲ್ಪವೇ ತಿರುಗಿಸಿ, ಪ್ರತಿ ಓಟದಲ್ಲೂ ನಡುವಿನ ಒತ್ತಡವನ್ನು ಮೊದಲು ನೋಡಿ, ನಷ್ಟದ ಅಂಕಿಯನ್ನು ಆಮೇಲೆ. ನಾನು ಈಗ ಇದೇ ಮೂರು ಸಾಲಿಗೆ ಶಿಯರ್ (ದಿಕ್ಕಿಗೊಂದು ಬಗೆಯಲ್ಲಿ ಕುಗ್ಗುವುದು) ಸೇರಿಸಲು ಕೂತಿದ್ದೇನೆ. ಬಿ ಮತ್ತು ಆರ್ ಬೇರೆ ಬೇರೆ ಆದ ಕೂಡಲೇ ಒಳಗಿನ ಪದರಗಳಿಗೆ ಒಂದೊಂದು ಗಾಮಾ ಬೇಕಾಗುತ್ತದೆ. ಮೇಲ್ಮೈಯ ಮೊದಲ ಸಾಲು ಮಾತ್ರ ಅಲ್ಲೂ ಹಾಗೇ ಉಳಿಯುವ ಲಕ್ಷಣ ಕಾಣುತ್ತಿದೆ.